ಬ್ಯಾಡಗಿ: ಕೆಂಪೇ ಈ ಊರಿನ ಗುರುತು

ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಸುಗ್ಗಿಯಲ್ಲಿ ಬಂದು ನೋಡಿ. ಎಪಿಎಂಸಿ ಅಂಗಳದ ತುಂಬ ಮೆಣಸಿನಕಾಯಿ ಚೀಲ, ಗಾಳಿಯಲ್ಲೂ ಘಾಟು.

ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದ ಬೆಳೆ, ಇಲ್ಲಿ ಈ ಊರಿನ ಹೆಸರನ್ನೇ ಪಡೆಯಿತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಇದರಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಡಬ್ಬಿ ಗಿಡ್ಡ, ಮೈಯೆಲ್ಲ ಸುಕ್ಕು. ಕಡ್ಡಿ ತೆಳ್ಳಗೆ, ಉದ್ದ. ಬ್ಯಾಡಗಿ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರ ಲಿಪ್‌ಸ್ಟಿಕ್ಕಿಗೂ ರಂಗು ಕೊಡುತ್ತದೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು.

ಈ ನೆಲಕ್ಕೆ ಇನ್ನೊಂದು ಹೆಮ್ಮೆಯಿದೆ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದ ಮೈಲಾರ ಮಹಾದೇವಪ್ಪ ಇದೇ ತಾಲ್ಲೂಕಿನ ಮೋಟೆಬೆನ್ನೂರಿನವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದರು.

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ಬೆಲೆ ಕುಸಿದಾಗ ಬ್ಯಾಡಗಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಯಿತು. ಹಾಗಾಗಿ ಖಾರದಪುಡಿ ಕೊಳ್ಳುವಾಗ ಅಸಲಿ ಬ್ಯಾಡಗಿಯನ್ನೇ ಕೇಳಿ. ಬೆಳೆದವರಿಗೆ ನ್ಯಾಯದ ಬೆಲೆ ಸಿಗಲಿ.