ತಿಪಟೂರಿನ ಹಾಸ್ಯಚಕ್ರವರ್ತಿ

ಬಡಕೇರಿಯಲ್ಲಿ ಹುಟ್ಟಿದ ತರುಣನೊಬ್ಬನು ಬಾಯಿಮಾತೊಂದನ್ನೇ ಬಂಡವಾಳ ಮಾಡಿಕೊಂಡು ಕೀರ್ತಿಯನ್ನೂ ಐಶ್ವರ್ಯವನ್ನೂ ಪಡೆದನೆಂಬ ವಾರ್ತೆ ಈಗ ಆಗಾಗ ಕಿವಿಗೆ ಬೀಳುತ್ತಿದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ತಲೆಯೆತ್ತಿದ ರ‍್ಯಾಪ್ ಎಂಬ ಪ್ರಾಸಬದ್ಧ ಮಾತುಗಾರಿಕೆಯು ಇಂದು ಕನ್ನಡಕ್ಕೂ ಬಂದಿದೆ, ಸಂತೋಷವೇ. ಆದರೆ ಇಂತಹ ಏಳಿಗೆಯು ಪರದೇಶದಿಂದ ಬಂದ ಹೊಸ ಸೋಜಿಗವೆಂದು ಭಾವಿಸುವವರು ತಿಪಟೂರಿನ ನರಸಿಂಹರಾಜು ಅವರನ್ನು ಮರೆತವರೆಂದೇ ಹೇಳಬೇಕು.

1923ರ ಜುಲೈ 24ರಂದು ತಿಪಟೂರಿನಲ್ಲಿ ಅವರು ಜನಿಸಿದರು. ತಂದೆ ಪೋಲೀಸ್ ಪೇದೆ. ಮಗನ ಮೈಕಟ್ಟು ಸಣಕಲು, ಹಲ್ಲು ಮುಂದಕ್ಕೆ ಚಾಚಿದುವು. ರಾಜಾಪಾರ್ಟಿಗೆ ಒಪ್ಪತಕ್ಕ ರೂಪವಲ್ಲ. ಬಾಲ್ಯದಲ್ಲಿಯೇ ನಾಟಕದವರ ಸಂಗಡ ಸೇರಿ, ಊರೂರು ಸುತ್ತಿ, ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಪಳಗಿದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರರೊಡನೆ ತೆರೆಯ ಮೇಲೆ ಕಾಣಿಸಿಕೊಂಡಾಗ ಅವರಿಗೆ ವಯಸ್ಸು ಮೂವತ್ತು. ಅಲ್ಲಿಂದ 1979ರ ಜುಲೈ 11ರಂದು ಕಾಲವಾಗುವವರೆಗೆ ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ನಾಡನ್ನು ನಗಿಸಿದರು. ಯಾವ ಹಲ್ಲನ್ನು ಜನ ಕುಂದೆಂದು ತಿಳಿಯಬಹುದಾಗಿತ್ತೋ ಆ ಹಲ್ಲೇ ಅವರ ಅಂಕಿತಮುದ್ರೆಯಾಯಿತು.

ಇದು ದೈವಯೋಗದಿಂದ ಒಂದೇ ದಿನದಲ್ಲಿ ಆದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನು ಉಂಡೆಕೊಬ್ಬರಿಯನ್ನು ಮಾಡುವ ಬಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು ನೆರಳಿನಲ್ಲಿಯೇ ಬಿಟ್ಟರೆ, ಒಳಗಿನ ನೀರಾರಿ ತಿರುಳು ಚಿಪ್ಪನ್ನು ಬಿಟ್ಟು ಗಡಗಡ ಸದ್ದು ಮಾಡುತ್ತದೆ. ಅವಸರದಿಂದ ಒಡೆದರೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ನರಸಿಂಹರಾಜು ಅವರಿಗೆ ಆ ಅಟ್ಟವಾಗಿದ್ದುದು ನಾಟಕ ಕಂಪೆನಿ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯಂತಹ ಸಂಸ್ಥೆಗಳು ಬಡವರ ಮಕ್ಕಳಿಗೆ ಅನ್ನವನ್ನೂ ಪಾಠವನ್ನೂ ಒಟ್ಟಿಗೆ ನೀಡಿದುವು. ಡೇರೆಯ ಕಟ್ಟಕಡೆಗೆ ಕುಳಿತವನಿಗೂ ಅಕ್ಷರ ಅಕ್ಷರ ತಿಳಿಯುವಂತೆ ನುಡಿಯುವುದು, ಹಾರ್ಮೋನಿಯಂ ಶ್ರುತಿಗೆ ಕಂಠ ಹೊಂದಿಸುವುದು, ಸಭೆಯ ಮೌನವನ್ನು ಅಳೆದು ಮಾತನ್ನು ಎಸೆಯುವುದು—ಇವೆಲ್ಲವೂ ಅಲ್ಲಿಯ ನಿತ್ಯಪಾಠ. ಆ ಬಾಳು ಸುಖದ್ದಾಗಿತ್ತೆಂದು ನಾವು ಹೇಳುವುದಿಲ್ಲ. ಕಲೆಕ್ಷನ್ನು ಕೆಟ್ಟ ಊರಿನಲ್ಲಿ ಸಂಬಳವೂ ಕೆಡುತ್ತಿದ್ದಿತು. ಆದರೂ ಪೇದೆಯ ಮಗನಿಗೆ ಅದೊಂದು ವಿದ್ಯಾಶಾಲೆಯೇ ಸರಿ.

ಇಂದು ಆ ಶಾಲೆ ಎಲ್ಲಿ? ಕೇರಿಯ ಹುಡುಗನ ಕೈಯಲ್ಲಿ ಮೊಬೈಲು ಇದೆ. ತಾನು ಕಟ್ಟಿದ ಹಾಡನ್ನು ಆ ಕ್ಷಣವೇ ಲೋಕಕ್ಕೆ ಕೇಳಿಸಬಲ್ಲನು. ತಪ್ಪನ್ನು ತಿದ್ದುವ ಗುರು ಮಾತ್ರ ಇಲ್ಲ. ಒಬ್ಬನು ಗೆದ್ದರೆ ಚಪ್ಪಾಳೆ ತಟ್ಟುವ ನಾವು, ಹಾದಿಯಲ್ಲಿಯೇ ಬಾಡಿದ ನೂರು ಮಂದಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಲೆನಾಡಿನ ಅಡಕೆ ಸೀಮೆಯ ಹೆಗ್ಗೋಡೆಂಬ ಹಳ್ಳಿಯು 1949ರಲ್ಲಿ ನೀನಾಸಂ ಎಂಬ ಸಂಘವನ್ನು ಕಟ್ಟಿಕೊಂಡು, 1980ರಲ್ಲಿ ರಂಗಶಿಕ್ಷಣದ ಶಾಲೆಯನ್ನೇ ತೆರೆಯಿತು. ಅಡಕೆಯ ನಾಡಿಗೆ ಸಾಧ್ಯವಾದುದು ತೆಂಗಿನ ನಾಡಿಗೆ ಅಸಾಧ್ಯವೆ? ಕೊಬ್ಬರಿ ಹರಾಜಿನಿಂದ ಹೆಸರು ಪಡೆದ ತಿಪಟೂರಿನ ವರ್ತಕರೂ, ಮೂರು ಪಟ್ಟಣಗಳ ಪೌರಾಡಳಿತದವರೂ, ಶಿಕ್ಷಣಾಧಿಕಾರಿಗಳೂ ಕೂಡಿ ಸಂಜೆಯ ವೇಳೆ ಒಂದು ಕೊಠಡಿಯನ್ನೂ ಇಬ್ಬರು ಉಪಾಧ್ಯಾಯರನ್ನೂ ಒದಗಿಸಿದರೆ ಆರಂಭಕ್ಕೆ ಸಾಕು. ಅಲ್ಲಿ ಬಡವನ ಮಗನು ಶುಲ್ಕವಿಲ್ಲದೆ ನುಡಿ, ಲಯ, ಅಭಿನಯಗಳನ್ನು ಕಲಿಯಲಿ. ಕಲಿತು ನಾಟಕವನ್ನಾದರೂ ಆಡಲಿ, ರ‍್ಯಾಪನ್ನಾದರೂ ಹಾಡಲಿ.

ನರಸಿಂಹರಾಜು ಅವರು ಜನಿಸಿ 2023ಕ್ಕೆ ನೂರು ವರ್ಷ ತುಂಬಿತು. ಅವರ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಮತ್ತೊಬ್ಬ ಪೇದೆಯ ಮಗನಿಗೆ ಅಟ್ಟವನ್ನು ಕಟ್ಟಿಕೊಡುವುದು ಶ್ರಮದ ಕೆಲಸ, ಮಾಡತಕ್ಕುದು ಅದನ್ನೇ.