ಬೆಳೆಸಿ ಕಳಿಸುವ ಕ್ಲಬ್: ಬೆರ್ಗಮೊದ ಅಟಲಾಂಟಾ

ಜರ್ಮನಿಯ ಬೇಯರ್ ಲೆವರ್ಕುಸನ್ ತಂಡ 2024ರ ಮೇ 22ರಂದು ಯುರೋಪಾ ಲೀಗ್ ಫೈನಲ್ ಆಡಲು ಡಬ್ಲಿನ್‌ಗೆ ಬಂದಾಗ, ಆ ಋತುವಿನ 51 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಅದನ್ನು 3-0ರಿಂದ ಮಣಿಸಿದ್ದು ಇಟಲಿಯ ಅಟಲಾಂಟಾ. ಮೂರೂ ಗೋಲು ಅಡೆಮೊಲಾ ಲುಕ್‌ಮನ್ ಅವರದ್ದು. ಇದನ್ನು ಪವಾಡವೆಂದು ಬಣ್ಣಿಸಿದವರು ಬಹಳ ಮಂದಿ. ಮಿಲಾನ್‌ನ ಮಗ್ಗುಲಲ್ಲೇ ಇರುವ ಬೆರ್ಗಮೊ ನಗರದ ಜನಸಂಖ್ಯೆ ಸುಮಾರು 1.2 ಲಕ್ಷ, ಅಲ್ಲಿನ ಕ್ಲಬ್ ಇಟಲಿಯ ಚಾಂಪಿಯನ್ ಪಟ್ಟವನ್ನು ಒಮ್ಮೆಯೂ ಗೆದ್ದಿಲ್ಲ. ಹಾಗಾಗಿ ಜನ ಬೆರಗಾದದ್ದು ಸಹಜ. ಆದರೆ ಪವಾಡ ಎಂದುಬಿಟ್ಟರೆ, ಈ ಗೆಲುವಿನ ಹಿಂದಿದ್ದ ಹಲವು ದಶಕಗಳ ದುಡಿಮೆಯನ್ನು ತಳ್ಳಿಹಾಕಿದಂತಾಗುತ್ತದೆ. ಅಟಲಾಂಟಾ ಎತ್ತರಕ್ಕೇರಿದ್ದು ತಾರೆಯರನ್ನು ಕೊಂಡು ಅಲ್ಲ, ಹುಡುಗರನ್ನು ತರಬೇತುಗೊಳಿಸುವ ಕೆಲಸವನ್ನೇ ತನ್ನ ಕಸುಬಾಗಿಸಿಕೊಂಡು.

ಕ್ಲಬ್ ಹುಟ್ಟಿದ್ದು 1907ರಲ್ಲಿ. ಗ್ರೀಕ್ ಪುರಾಣದ ಓಟಗಾರ್ತಿಯ ಹೆಸರಿಟ್ಟುಕೊಂಡ ಈ ತಂಡವನ್ನು ಅಭಿಮಾನಿಗಳು ‘ದೇವಿ’ ಎಂದೇ ಕರೆಯುತ್ತಾರೆ. 1920ರಲ್ಲಿ ಅದೇ ಊರಿನ ಬೆರ್ಗಮಾಸ್ಕಾ ಕ್ಲಬ್ ಜತೆ ವಿಲೀನವಾದ ಬಳಿಕ ಕಪ್ಪು-ನೀಲಿ ಪಟ್ಟೆಯ ಅಂಗಿ ಬಂತು. ದೊಡ್ಡ ಗೆಲುವುಗಳು ಬೆರಳೆಣಿಕೆಯಷ್ಟೇ. 1963ರಲ್ಲಿ ಟೊರಿನೊವನ್ನು 3-1ರಿಂದ ಸೋಲಿಸಿ ಇಟಾಲಿಯನ್ ಕಪ್ ಎತ್ತಿಹಿಡಿಯಿತು. ಆ ಮೂರೂ ಗೋಲು ಹೊಡೆದ ಆಂಜೆಲೊ ಡೊಮೆಂಗಿನಿ ಬೆರ್ಗಮೊ ಪ್ರಾಂತ್ಯದ ಹುಡುಗ. ಮರುವರ್ಷವೇ ಇಂಟರ್ ಮಿಲಾನ್ ಸೇರಿದ. 1987-88ರಲ್ಲಿ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದಾಗಲೇ ಯುರೋಪಿನ ಕಪ್ ವಿನ್ನರ್ಸ್ ಕಪ್‌ನ ಸೆಮಿಫೈನಲ್ ತಲುಪಿತ್ತು. ಉಳಿದಂತೆ, ಏರುವುದು, ಜಾರುವುದು, ಮತ್ತೆ ಏರುವುದು. ದಶಕಗಳ ಕತೆ ಇಷ್ಟೇ.

ಆದರೆ ಕಪ್‌ಗಳ ಪಟ್ಟಿಯನ್ನು ಬದಿಗಿಟ್ಟು ಆಟಗಾರರ ಪಟ್ಟಿಯನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. 1982ರ ವಿಶ್ವಕಪ್ ಗೆದ್ದ ಇಟಲಿಯ ಡಿಫೆಂಡರ್ ಗೇಟಾನೊ ಶಿರೇಯಾ ಇಲ್ಲಿ ಕಲಿತು 1974ರಲ್ಲಿ ಯುವೆಂಟಸ್‌ಗೆ ಹೋದವರು. ಎ.ಸಿ. ಮಿಲಾನ್‌ನ ಸುವರ್ಣ ಕಾಲದ ರೊಬೆರ್ಟೊ ಡೊನಡೋನಿ 1986ರಲ್ಲಿ ಇಲ್ಲಿಂದಲೇ ಹೊರಟವರು. ಈ ಪರಂಪರೆಗೆ ಶಿಸ್ತಿನ ವ್ಯವಸ್ಥೆ ಕಟ್ಟಿದ್ದು ಮೀನೊ ಫವೀನಿ. ಕೊಮೊ ಕ್ಲಬ್‌ನಲ್ಲಿ ಹುಡುಗರನ್ನು ಪಳಗಿಸಿ ಹೆಸರಾಗಿದ್ದ ಅವರನ್ನು, ಆಗ ಅಧ್ಯಕ್ಷರಾಗಿದ್ದ ಅಂಟೋನಿಯೊ ಪರ್ಕಾಸಿ 1990ರ ದಶಕದ ಆರಂಭದಲ್ಲಿ ಕರೆತಂದರು; 2015ರವರೆಗೂ ಫವೀನಿ ಅಲ್ಲೇ ದುಡಿದರು. ಬೆರ್ಗಮೊ ಬಳಿಯ ಜಿಂಗೋನಿಯಾದ ಮೈದಾನಗಳು ಇಟಲಿಯ ಫುಟ್‌ಬಾಲ್‌ಗೆ ಸಸಿಮಡಿಯಾದವು. ಏಳನೇ ವಯಸ್ಸಿಗೆ ಇಲ್ಲಿ ಸೇರಿದ ಅಲೆಸಾಂಡ್ರೊ ಬಸ್ತೋನಿ 2017ರಲ್ಲಿ ಸುಮಾರು 3 ಕೋಟಿ ಯೂರೊಗೆ ಇಂಟರ್ ಪಾಲಾದರು. ಸ್ವೀಡನ್‌ನಿಂದ ಹದಿಹರೆಯದಲ್ಲಿ ಬಂದ ಡೆಯಾನ್ ಕುಲುಸೆವ್‌ಸ್ಕಿ, ಅಟಲಾಂಟಾದ ಹಿರಿಯರ ತಂಡದಲ್ಲಿ ನಾಲ್ಕಾರು ಪಂದ್ಯ ಆಡುವ ಮೊದಲೇ 2020ರಲ್ಲಿ 3.5 ಕೋಟಿ ಯೂರೊಗೆ ಯುವೆಂಟಸ್‌ನವರಾದರು.

‘ಇದೆಲ್ಲ ಒಬ್ಬ ಕೋಚ್‌ನ ಕೈಚಳಕ’ ಎಂಬ ವಾದವಿದೆ. 2016ರಲ್ಲಿ ಬಂದ ಜಾನ್ ಪಿಯೆರೊ ಗಾಸ್ಪೆರಿನಿ ಅವರ ಪಾಲು ದೊಡ್ಡದು, ನಿಜ. ಎದುರಾಳಿಗಳನ್ನು ಮೈದಾನದುದ್ದಕ್ಕೂ ಬೆನ್ನಟ್ಟುವ ಅವರ ಆಟ 2019-20ರ ಲೀಗ್‌ನಲ್ಲಿ 98 ಗೋಲುಗಳನ್ನು ತಂದುಕೊಟ್ಟಿತು. ಆದರೆ ಅವರ ಆರಂಭವನ್ನು ನೆನೆಯಬೇಕು: ಮೊದಲ ಐದು ಲೀಗ್ ಪಂದ್ಯಗಳಲ್ಲಿ ನಾಲ್ಕು ಸೋಲು, ಕೆಲಸವೇ ಹೋಗುವ ಸ್ಥಿತಿ. ಆಗ ಅವರು ನೆಚ್ಚಿಕೊಂಡಿದ್ದು ಮತ್ತಿಯಾ ಕಲ್ದಾರಾ, ರೊಬೆರ್ಟೊ ಗಾಲಿಯಾರ್ದಿನಿ, ಆಂಡ್ರಿಯಾ ಕೊಂಟಿಯಂಥ ಹುಡುಗರನ್ನು. ಮೂವರೂ ಕ್ಲಬ್‌ನ ಶಾಲೆಯಲ್ಲೇ ಬೆಳೆದವರು. ಅಕ್ಟೋಬರ್ 2ರಂದು ಅವರೆದುರು ನಾಪೋಲಿ ಸೋತಿತು. ಋತು ಮುಗಿದಾಗ ಅಟಲಾಂಟಾ ನಾಲ್ಕನೇ ಸ್ಥಾನದಲ್ಲಿತ್ತು. ಕೋಚ್‌ನ ಧೈರ್ಯ ದೊಡ್ಡದೇ. ಆದರೆ ಕೈಚಾಚಿದಾಗ ಸಿಗುವಂತೆ ಅಂಥ ಹುಡುಗರನ್ನು ಸಿದ್ಧಗೊಳಿಸಿ ಇಟ್ಟಿದ್ದು ಸಂಸ್ಥೆ.

ಇನ್ನು, ಎಲ್ಲವೂ ಹೊರಗಿನ ಹಣದ ಫಲ ಎಂಬ ಮಾತು. 2022ರಲ್ಲಿ ಸ್ಟೀಫನ್ ಪಲ್ಯೂಕಾ ನೇತೃತ್ವದ ಅಮೆರಿಕದ ಹೂಡಿಕೆದಾರರು ಕ್ಲಬ್‌ನ ಮಾತೃಸಂಸ್ಥೆಯಲ್ಲಿ ಶೇ 55ರಷ್ಟು ಪಾಲು ಕೊಂಡರು. ಆದರೆ ಲೀಗ್‌ನಲ್ಲಿ 2019ರಿಂದ 2021ರವರೆಗೆ ಸತತ ಮೂರು ಬಾರಿ ಮೂರನೇ ಸ್ಥಾನ, 2020ರಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್ ದಕ್ಕಿದ್ದು ಅದಕ್ಕೂ ಮೊದಲೇ. ಬಹುತೇಕ ಇಟಾಲಿಯನ್ ಕ್ಲಬ್‌ಗಳು ನಗರಾಡಳಿತದ ಕ್ರೀಡಾಂಗಣಗಳಲ್ಲಿ ಬಾಡಿಗೆಗೆ ಆಡುತ್ತಿದ್ದಾಗ ಅಟಲಾಂಟಾ 2017ರಲ್ಲೇ ತನ್ನ ಕ್ರೀಡಾಂಗಣವನ್ನು ಸ್ವಂತಕ್ಕೆ ಕೊಂಡಿತು.

ಹೆಚ್ಚು ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಡಬ್ಲಿನ್‌ನಲ್ಲಿ ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ಕ್ಲಬ್‌ನ ಶಾಲೆಯಲ್ಲೇ ಬೆಳೆದು ಬಂದವರು ಮತ್ತೆಯೊ ರುಗ್ಗೇರಿ ಒಬ್ಬರೇ. ಲುಕ್‌ಮನ್ ಲಂಡನ್‌ನಲ್ಲಿ ಹುಟ್ಟಿದವರು, ನೈಜೀರಿಯಾ ಪರ ಆಡುವವರು. ಹಾಗಾದರೆ ಶಾಲೆಯ ಹೆಗ್ಗಳಿಕೆ ಎಲ್ಲಿ? ಅದು ಇರುವುದು ರೂಢಿಸಿಕೊಂಡ ವಿದ್ಯೆಯಲ್ಲಿ. ಲುಕ್‌ಮನ್ ಅಟಲಾಂಟಾ ಸೇರುವವರೆಗೆ ಹಲವು ಕ್ಲಬ್‌ಗಳಲ್ಲಿ ನೆಲೆ ಕಾಣದೆ ಅಲೆದಿದ್ದರು. ಬೆರ್ಗಮೊದಲ್ಲಿ ಆಡುತ್ತಲೇ 2024ರ ಆಫ್ರಿಕಾದ ಶ್ರೇಷ್ಠ ಆಟಗಾರನೆನಿಸಿಕೊಂಡರು. ಆಸ್ಟ್ರಿಯಾದ ಸ್ಟುರ್ಮ್ ಗ್ರಾಜ್‌ನಿಂದ 2022ರಲ್ಲಿ ಬಂದ ರಾಸ್ಮಸ್ ಹೊಯ್ಲುಂಡ್ ಒಂದೇ ವರ್ಷದಲ್ಲಿ, ಕೊಂಡ ಬೆಲೆಯ ಮೂರು ಪಟ್ಟಿಗೂ ಹೆಚ್ಚಿನ ಮೊತ್ತಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ಊರ ಹುಡುಗನಿರಲಿ, ಹೊರಗಿನವನಿರಲಿ, ಕೈಗೆ ಸಿಕ್ಕವನನ್ನು ತಿದ್ದಿ ತೀಡುವ ಕೆಲಸ ಒಂದೇ. ಒಬ್ಬನನ್ನು ಕಳಿಸಿಕೊಟ್ಟ ಹಣ ಮುಂದಿನವನ ಕಲಿಕೆಗೆ ಬಂಡವಾಳ.

ಹೀಗೆ ಮಾರುವ ಕ್ಲಬ್ ಅಭಿಮಾನಿಗಳಿಗೆ ದ್ರೋಹ ಬಗೆಯುತ್ತದೆ ಎನ್ನುವವರು ಬೆರ್ಗಮೊವನ್ನು ನೋಡಬೇಕು. ಪರ್ಕಾಸಿ 2010ರಲ್ಲಿ ಮರಳಿ ಅಧ್ಯಕ್ಷರಾದ ಮೇಲೆ, ಪ್ರಾಂತ್ಯದ ಆಸ್ಪತ್ರೆಗಳಲ್ಲಿ ಹುಟ್ಟುವ ಮಕ್ಕಳಿಗೆ ಕಪ್ಪು-ನೀಲಿ ಪಟ್ಟೆಯ ಪುಟ್ಟ ಅಂಗಿಯನ್ನು ಕ್ಲಬ್ ಉಡುಗೊರೆಯಾಗಿ ಕೊಡುತ್ತ ಬಂದಿದೆ. 2020ರ ವಸಂತದಲ್ಲಿ ಕೋವಿಡ್ ಬೆರ್ಗಮೊವನ್ನು ಹಿಂಡಿಹಾಕಿದಾಗ, ವಸ್ತುಪ್ರದರ್ಶನ ಸಭಾಂಗಣವನ್ನು ತುರ್ತು ಆಸ್ಪತ್ರೆಯಾಗಿಸಲು ದುಡಿದ ಸ್ವಯಂಸೇವಕರಲ್ಲಿ ಅಟಲಾಂಟಾ ಅಭಿಮಾನಿಗಳೂ ಇದ್ದರು. ಆಟಗಾರರು ಬರುತ್ತಾರೆ, ಹೋಗುತ್ತಾರೆ ಎಂಬುದು ಅವರಿಗೆ ಗೊತ್ತು. ಅವರ ನಿಷ್ಠೆ ಊರಿಗೆ, ಅಂಗಿಗೆ.

2025ರಲ್ಲಿ ಗಾಸ್ಪೆರಿನಿ ಕೂಡ ರೋಮಾ ಕ್ಲಬ್‌ಗೆ ಹೊರಟುಹೋದರು. ಅಟಲಾಂಟಾ ಇನ್ನು ಕೆಲವು ಋತು ಸೋಲಬಹುದು, ಕೆಳಗೂ ಜಾರಬಹುದು, ಹಿಂದೆಯೂ ಹಾಗಾಗಿದೆ. ಆಟದ ಮಾರುಕಟ್ಟೆ ಸಿರಿವಂತರ ಪರವಾಗಿಯೇ ವಾಲಿರುವಾಗ ಸಣ್ಣ ಊರಿನ ಕ್ಲಬ್‌ಗೆ ಉಳಿದಿರುವ ಮರ್ಯಾದೆಯ ದಾರಿ ಕಲಿಸುವುದೊಂದೇ. ಆ ದಾರಿಯಲ್ಲಿ ನಡೆದೂ ಗೆಲ್ಲಬಹುದು ಎಂದು ಅಟಲಾಂಟಾ ತೋರಿಸಿಕೊಟ್ಟಿದೆ. ಹುಡುಗರನ್ನು ಬೆಳೆಸುವುದನ್ನು ಅದು ಎಲ್ಲಿಯವರೆಗೆ ಬಿಡುವುದಿಲ್ಲವೋ ಅಲ್ಲಿಯವರೆಗೆ ಅದರ ಯಾವ ಸೋಲೂ ಕೊನೆಯದಲ್ಲ.