ಭೀಮಾ ತೀರದ ಫಿರೋಜಾಬಾದ್: ಮಾತಿಗೆ ಮನಸೋತ ಸುಲ್ತಾನನ ಹಾಳು ನಗರ

ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜನ್ನು ದಾಟಿ ಗಾಣಗಾಪುರದ ಸಂಗಮದಲ್ಲಿ ಅಮರ್ಜಾ ನದಿಯನ್ನು ಕೂಡಿಕೊಳ್ಳುವ ಭೀಮೆ, ಮುಂದೆ ಕಲಬುರಗಿ–ಜೇವರ್ಗಿ ರಸ್ತೆಯ ಸಮೀಪ ಒಂದು ಪಾಳುಬಿದ್ದ ನಗರದ ಪಶ್ಚಿಮದ ಅಂಚನ್ನು ಸವರಿಕೊಂಡು ಹರಿಯುತ್ತದೆ. ಅದೇ ಫಿರೋಜಾಬಾದ್. ಕಲಬುರಗಿಯಿಂದ 30 ಕಿ.ಮೀ. ಒಳಗಿನ ದಾರಿ. ಈ ರಸ್ತೆಯಲ್ಲಿ ನಿತ್ಯ ಸಂಚರಿಸುವವರಲ್ಲಿಯೂ ಅನೇಕರಿಗೆ, ಹೊಲಗಳ ನಡುವೆ ಕಾಣುವ ಆ ಗೋಡೆಗಳು ಒಂದು ರಾಜಧಾನಿಯ ಅವಶೇಷವೆಂಬುದು ತಿಳಿದಿಲ್ಲ.

ಬಹಮನಿ ವಂಶದ ಫಿರೋಜ್ ಷಾ (1397–1422) ಈ ನಗರವನ್ನು 1400ರ ಸುಮಾರಿಗೆ ಕಟ್ಟಿಸಿದನು. ಕಲಬುರಗಿ ಕೋಟೆಯಿರುವಾಗಲೇ ಮತ್ತೊಂದು ನಗರವೇಕೆ? ಸುಲ್ತಾನನ ಸ್ವಭಾವವನ್ನು ಅರಿತರೆ ಉತ್ತರ ಸ್ವಲ್ಪಮಟ್ಟಿಗೆ ದೊರೆಯುತ್ತದೆ.

ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಸ್ತಾ, ಫಿರೋಜನ ಕಾಲಕ್ಕೆ ಸುಮಾರು 200 ವರ್ಷಗಳ ನಂತರ ಬರೆದವನು. ಆದ್ದರಿಂದ ಅವನ ಮಾತನ್ನು ತೂಗಿನೋಡಿಯೇ ಸ್ವೀಕರಿಸಬೇಕು. ಆದರೂ ಅವನು ಕೊಡುವ ಒಂದು ಚಿತ್ರ ಸ್ವಾರಸ್ಯಕರವಾಗಿದೆ. ಹಗಲಿನ ರಾಜಕಾರ್ಯ ಮುಗಿದ ಮೇಲೆ ಸುಲ್ತಾನನು ವಿದ್ವಾಂಸರು, ಕವಿಗಳು ಮತ್ತು ಕಥೆಗಾರರೊಡನೆ ಮಧ್ಯರಾತ್ರಿಯವರೆಗೆ ಕುಳಿತುಕೊಳ್ಳುತ್ತಿದ್ದನಂತೆ. ಅಲ್ಲಿ ರಾಜಮರ್ಯಾದೆಯ ಬಿಗಿಯಿರಲಿಲ್ಲ. ಬಂದವರು ಇಷ್ಟಬಂದಾಗ ಬರಬಹುದು, ಎದ್ದು ಹೋಗಬಹುದು; ಬೇಕಾದ ತಿನಿಸನ್ನೂ ಪಾನೀಯವನ್ನೂ ಕೇಳಿ ತರಿಸಿಕೊಳ್ಳಬಹುದು; ಮನಸ್ಸಿಗೆ ಬಂದುದನ್ನು ಆಡಬಹುದು. ನಿಷೇಧ ಎರಡೇ: ರಾಜ್ಯಾಡಳಿತದ ವಿಷಯ ಎತ್ತಬಾರದು, ಎದುರಿಗಿಲ್ಲದವರನ್ನು ದೂಷಿಸಬಾರದು. ಎರಡನೆಯ ನಿಯಮ ಇಂದಿನ ಯಾವ ಹರಟೆಕಟ್ಟೆಯಲ್ಲಿಯೂ ಒಂದು ದಿನ ಉಳಿಯಲಾರದು! ಕುರಾನನ್ನು ಸ್ವಹಸ್ತದಿಂದ ನಕಲು ಮಾಡುತ್ತಿದ್ದ ಈ ಧರ್ಮನಿಷ್ಠನಲ್ಲಿ ದೋಷವೆಂದು ಫಿರಿಸ್ತಾ ಎಣಿಸುವುದು ಮಿತವಾದ ಮದ್ಯಪಾನ ಮತ್ತು ಸಂಗೀತದ ಒಲವನ್ನು.

ಅದೇ ಕಾಲದಲ್ಲಿ ದೂರದ ಇಂಗ್ಲೆಂಡಿನಲ್ಲಿ ಮತ್ತೊಂದು ಬಗೆಯ ಮಾತಿನ ಮನೆ ರೂಪುಗೊಳ್ಳುತ್ತಿತ್ತು. ಪಾನಗೃಹಗಳವರು ಬಾಗಿಲಲ್ಲಿ ಗುರುತಿನ ಫಲಕ ತೂಗುಹಾಕಬೇಕೆಂದು ದೊರೆ ಎರಡನೆಯ ರಿಚರ್ಡ್ 1393ರಲ್ಲಿ ವಿಧಿಸಿದನು. ಇಂದಿಗೂ ಅಲ್ಲಿನ ಹಳ್ಳಿಯ ಪಬ್ಬುಗಳ ಮುಂದೆ ತೂಗುವ ಚಿತ್ರಫಲಕಗಳ ಹಿಂದೆ ಆ ಕಟ್ಟಳೆಯ ನೆರಳಿದೆ. ಆದರೆ ಅಲ್ಲಿಯ ಬಾಗಿಲು ಊರವರಿಗೆಲ್ಲ ತೆರೆದಿತ್ತು. ಭೀಮಾ ತೀರದ ಸಲುಗೆ ಅರಸನು ಆರಿಸಿದವರಿಗೆ ಮಾತ್ರ ಮೀಸಲಾಗಿತ್ತು. ಹಳ್ಳಿಯ ಪಬ್ಬುಗಳಲ್ಲಿ ಹಲವು ಶತಮಾನಗಳ ಕಾಲ ಬಾಳಿ ಉಳಿದುದಕ್ಕೂ ಫಿರೋಜಾಬಾದ್ ಬೇಗನೆ ಬರಿದಾದುದಕ್ಕೂ ಈ ಭೇದವೇ ಒಂದು ಕಾರಣವೆನ್ನಬಹುದು.

ನಗರದ ವಿನ್ಯಾಸ ಸರಳವಾದುದು. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ನದಿ. ಒಟ್ಟು ಸರಿಸುಮಾರು ಚೌಕಾಕಾರ, ಒಂದೊಂದು ಬದಿ ಸುಮಾರು ಒಂದು ಕಿ.ಮೀ. ನಡುಭಾಗದಲ್ಲಿ ವಿಶಾಲವಾದ ಜಾಮಿ ಮಸೀದಿ, ಅದರ ಹಿಂದೆ ನದಿಯತ್ತ ಅರಮನೆಯ ಆವರಣ. ಅಗಲವಾದ ಬೀದಿಗಳಿದ್ದವೆಂದೂ ಅಂಗಡಿಗಳು ಸಾಲಾಗಿದ್ದವೆಂದೂ, ನದಿಯಿಂದ ಕಾಲುವೆ ತೆಗೆದು ಅರಮನೆಗೆ ನೀರು ಹಾಯಿಸಲಾಗಿತ್ತೆಂದೂ ಫಿರಿಸ್ತಾ ಹೇಳುತ್ತಾನೆ. ನಾನಾ ದೇಶಗಳಿಂದ ಬಂದ ರಾಣಿಯರಿಗೆ ಬೇರೆ ಬೇರೆ ಮಹಲುಗಳಿದ್ದುವಂತೆ. ಒಬ್ಬೊಬ್ಬಳೊಡನೆ ಅವಳ ಭಾಷೆಯಲ್ಲಿಯೇ ಸುಲ್ತಾನನು ಮಾತನಾಡುತ್ತಿದ್ದನಂತೆ.

ಕಟ್ಟಡಗಳ ಪೈಕಿ ಹೆಚ್ಚು ಗಮನ ಸೆಳೆಯುವುದು ಹಮಾಮುಗಳು, ಅಂದರೆ ಸ್ನಾನಗೃಹಗಳು. ದಖ್ಖನಿನಲ್ಲಿ ಉಳಿದಿರುವ ರಾಜಸ್ನಾನಗೃಹಗಳಲ್ಲಿ ಇವು ಅತ್ಯಂತ ಹಳೆಯವೆಂಬುದು ತಜ್ಞರ ಅಭಿಪ್ರಾಯ. ಸಣ್ಣ ಸಣ್ಣ ಕೋಣೆಗಳ ಮೇಲೆ ಗುಮ್ಮಟಗಳೂ ಪಿರಮಿಡ್ಡಿನಂತೆ ಮೇಲೇರುವ ಚಾವಣಿಗಳೂ ಇವೆ. ಗೋಡೆಯಲ್ಲಿ ದೊಡ್ಡ ಕಿಟಕಿಯಿಟ್ಟರೆ ಬಿಸಿ ಹಬೆ ಹೊರಟುಹೋಗುತ್ತದೆ. ಆದುದರಿಂದ ಹಮಾಮುಗಳಲ್ಲಿ ಬೆಳಕಿಗೆಂದು ಚಾವಣಿಯಲ್ಲಿಯೇ ಪುಟ್ಟ ರಂಧ್ರಗಳನ್ನು ಬಿಡುತ್ತಿದ್ದರು. ಸ್ನಾನ ಅಲ್ಲಿ ಮೈ ತೊಳೆಯುವ ಕೆಲಸ ಮಾತ್ರವಾಗಿರಲಿಲ್ಲ. ಪರ್ಷಿಯಾ ಮತ್ತು ಮಧ್ಯ ಏಷ್ಯಾದ ರೂಢಿಯಂತೆ ಕುಳಿತು ಮಾತನಾಡುವ ವಿರಾಮವೂ ಆಗಿತ್ತು. ಫಿರೋಜನು ತೈಮೂರನ ಬಳಿಗೆ ರಾಯಭಾರಿಗಳನ್ನು ಕಳುಹಿಸಿದ್ದನೆಂಬ ಉಲ್ಲೇಖವನ್ನು ಇದರೊಡನೆ ಇಟ್ಟು ನೋಡಿದರೆ, ಈ ಶೈಲಿಯ ಮೂಲದ ಜಾಡು ಹೊಳೆಯುತ್ತದೆ.

ವಿಜಯನಗರದೊಡನೆ ಪಾನಗಲ್‌ನಲ್ಲಿ ಸೋತ ಮೇಲೆ ಫಿರೋಜನ ಪ್ರಭಾವ ಕುಗ್ಗಿತು. 1422ರಲ್ಲಿ ತಮ್ಮನಾದ ಅಹಮದ್ ಷಾ ಪಟ್ಟವೇರಿದನು. ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಅರಸನಿಲ್ಲದ ಅರಮನೆಗೆ ಅಂಗಡಿ ಬೀದಿಯೂ ಉಳಿಯಲಿಲ್ಲ.

ಹಾಗೆಂದು ಸ್ಥಳ ಸಂಪೂರ್ಣ ಮರೆವಿಗೆ ಸಂದಿಲ್ಲ. ಜಾರ್ಜ್ ಮಿಚೆಲ್ ಹಾಗೂ ರಿಚರ್ಡ್ ಈಟನ್ ಎಂಬ ವಿದ್ವಾಂಸರು ಇಲ್ಲಿಯ ಅವಶೇಷಗಳನ್ನು ಅಳೆದು, ನಕ್ಷೆ ರಚಿಸಿ 1992ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಆದರೆ ಪುಸ್ತಕದಲ್ಲಿ ದಾಖಲಾದುದು ನೆಲದ ಮೇಲೆ ಉಳಿಯಬೇಕಲ್ಲ? ಗಾರೆ ಉದುರಿದ ಗುಮ್ಮಟದೊಳಗೆ ಮಳೆನೀರು ಇಳಿದರೆ, ಬಿರುಕಿನಲ್ಲಿ ಗಿಡ ಬೇರೂರಿದರೆ ಚಾವಣಿ ಕುಸಿಯಲು ಹೆಚ್ಚು ಕಾಲ ಬೇಕಿಲ್ಲ. ನದಿಯೂ ಸದಾ ಶಾಂತವಲ್ಲ. 2020ರ ಅಕ್ಟೋಬರಿನಲ್ಲಿ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹೊರಬಿದ್ದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಹಳ್ಳಿಗಳು ಜಲಾವೃತವಾಗಿದ್ದವು.

ಫಿರೋಜ್ ಷಾನ ಸಮಾಧಿ ಅವನು ಕಟ್ಟಿಸಿದ ನಗರದಲ್ಲಿಲ್ಲ. ಕಲಬುರಗಿಯ ಹಫ್ತ್ ಗುಂಬಜ್ ಸಮುಚ್ಚಯದಲ್ಲಿದೆ. ಜೋಡಿ ಗುಮ್ಮಟದ ಆ ಕಟ್ಟಡದ ಗಾರೆಯ ಕುಸುರಿಯನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಲ್ಲಿಂದ ಫಿರೋಜಾಬಾದಿಗೆ ವಾಹನದಲ್ಲಿ ಒಂದು ತಾಸಿನೊಳಗೆ ತಲುಪಬಹುದು.